ಕೆನ್ನೆಯ ಮೇಲಿಟ್ಟ ಅಂಗೈ

ಕಾಕಸಸ್ ಬೆಟ್ಟಗಳ ನಡುವೆ ನಮ್ಮೂರ ಸಾವಿರ ಚಿಲ್ಲರೆ ಜನ ಮಾತ್ರ ಆಡುವ ಅರ್ಚಿ ನುಡಿಗೆ ಎಂಬತ್ತಕ್ಕೂ ಹೆಚ್ಚು ಧ್ವನಿಗಳಿವೆ. ಅಷ್ಟನ್ನೂ ಕಿವಿಯಲ್ಲಿಟ್ಟುಕೊಂಡು ನಲವತ್ತೊಂದು ವರ್ಷ ಮಕ್ಕಳ ಬಾಯಿ ತಿದ್ದಿದವರು ಪೂಜ್ಯ ಕಮಾಲುದ್ದೀನ್ ಮೇಷ್ಟ್ರು. ಅವರ ನಿವೃತ್ತಿಯ ಈ ಅಭಿನಂದನ ಸಂಪುಟಕ್ಕೆ ಬರೆಯುವ ಯೋಗ್ಯತೆ ನನಗಿಲ್ಲವೆಂದು ಮೊದಲೇ ಒಪ್ಪಿಕೊಂಡು ಬರೆಯುತ್ತಿದ್ದೇನೆ.

ಶಾಲೆಯಲ್ಲಿ ನಮ್ಮ ನುಡಿಗೆ ಪಠ್ಯಪುಸ್ತಕವಿರಲಿಲ್ಲ. ಪಾಠ ಮುಗಿದ ಮೇಲೆ ಮೇಷ್ಟ್ರು ನಮ್ಮನ್ನು ಒಲೆಯ ಸುತ್ತ ಕೂರಿಸಿಕೊಂಡು, ಗಾಳಿಯನ್ನು ನಾಲಗೆಯ ಪಕ್ಕದಿಂದ ಹೊರಬಿಡುವ ಆ ಕಷ್ಟದ ಸದ್ದನ್ನು ಕಲಿಸುತ್ತಿದ್ದರು. ಸರಿಬಂತೇ ಎಂದು ಕೆನ್ನೆಗೆ ಅಂಗೈ ಇಟ್ಟು ನೋಡುತ್ತಿದ್ದರು. "ಮುಂದಿನ ಹಲ್ಲು ಬಿದ್ದವ್ರೇ ಚೆನ್ನಾಗಿ ಹೇಳ್ತೀರಲ್ರೋ, ಇದಕ್ಕೆ ಆ ಹಲ್ಲಿನ ಹಂಗೇ ಇಲ್ಲ" ಎಂದು ನಗಿಸುತ್ತಿದ್ದರು.

ನಾನು ಮಖಾಚ್‌ಕಲಾ ಎಂಬ, ರಷ್ಯನ್ ಆಡುವ ನಗರದಲ್ಲಿ ಕಾಲೇಜು ಸೇರಿದ ಮೊದಲ ಚಳಿಗಾಲ, ಅಮ್ಮ ಕಳಿಸಿದ ಒಣ ಕುರಿಮಾಂಸದ ಗಂಟು ಹೊತ್ತು, ದಿನವಿಡೀ ಪ್ರಯಾಣಿಸಿ ಮೇಷ್ಟ್ರು ಹಾಸ್ಟೆಲಿಗೆ ಬಂದರು.

"ಏನೋ ಸಾಬಿರ್, ಸೊರಗಿಬಿಟ್ಟಿದ್ದೀಯಲ್ಲೋ" ಎಂದರು ನಮ್ಮ ನುಡಿಯಲ್ಲಿ.

ಹಿಂದೆ ನಿಂತ ಗೆಳೆಯನೊಬ್ಬ ಕಿಸಕ್ಕೆಂದ. "ಯಜಮಾನ್ರು ಮಾತಾಡ್ತಾ ಇದಾರಾ, ಕೆಮ್ತಾ ಇದಾರಾ?"

ನಾನು ರಷ್ಯನ್ನಿನಲ್ಲಿ ಹೇಳಿದೆ: "ಚೆನ್ನಾಗಿದ್ದೀನಿ. ನೀವಿನ್ನು ಹೊರಡಿ, ಬಸ್ ತಪ್ಪತ್ತೆ."

ಮೇಷ್ಟ್ರೂ ರಷ್ಯನ್ನಿನಲ್ಲೇ, "ನಿಮಗೆ ತೊಂದರೆ ಕೊಟ್ಟೆ" ಎಂದು ಗಂಟನ್ನು ನನ್ನ ಕೈಗಿಟ್ಟು ಹೊರಟರು.

ಅತಿಥಿಯೊಡನೆ ಅತಿಥಿಯ ನುಡಿಯಲ್ಲೇ ಮಾತಾಡುವುದು ನಮ್ಮೂರ ರೂಢಿ. ಮೇಷ್ಟ್ರು ಬೈಯಲಿಲ್ಲ, ಯಾರಲ್ಲೂ ದೂರಲಿಲ್ಲ. ಅಂದಿನಿಂದ ಇಪ್ಪತ್ತೆರಡು ವರ್ಷ, ನನ್ನ ಕೆಲಸಕ್ಕೆ ಶಿಫಾರಸು ಪತ್ರ ಬರೆದುಕೊಟ್ಟಾಗಲೂ, ನನ್ನ ಮದುವೆಯಲ್ಲೂ, ನನ್ನಮ್ಮನ ಗೋರಿಯ ಪಕ್ಕದಲ್ಲೂ, ನನ್ನೊಡನೆ ರಷ್ಯನ್ನಿನಲ್ಲೇ, 'ನೀವು' ಎಂದೇ ಮಾತಾಡಿದರು. ಹುಟ್ಟಿದೂರಿನಲ್ಲೇ ನಾನು ಅತಿಥಿಯಾದೆ. ನಾನು ಒಂದೇ ಒಂದು ಮಾತನ್ನು ನಮ್ಮ ನುಡಿಯಲ್ಲಿ ಆಡಿದ್ದರೆ ಸಾಕಿತ್ತು. ನಾಚಿಕೆ ನನ್ನ ಬಾಯಿ ಕಟ್ಟಿಹಾಕಿತ್ತು.

ಕಳೆದ ತಿಂಗಳು ಶಾಲೆಯ ಅಂಗಳದಲ್ಲಿ ಅವರ ಬೀಳ್ಕೊಡುಗೆ. ಧೈರ್ಯ ಮಾಡಿ ಎದ್ದು, ಎಲ್ಲರೆದುರು ನಮ್ಮ ನುಡಿಯಲ್ಲಿ ಕ್ಷಮೆ ಕೇಳಲು ಹೊರಟೆ. ಮೂರನೆಯ ಮಾತಿಗೇ ನಾಲಗೆಯ ಪಕ್ಕದಿಂದ ಹೊರಡುವ ಆ ಸದ್ದು ಅಡ್ಡ ಬಂತು, ನಾಲಗೆ ಹೊರಳಲಿಲ್ಲ. ಮಕ್ಕಳು ನಕ್ಕರು. ನೆಲ ಬಾಯಿಬಿಡಬಾರದೇ ಅನ್ನಿಸಿತು.

ಮೇಷ್ಟ್ರು ಎದ್ದು ಬಂದು ನನ್ನ ಕೆನ್ನೆಗೆ ಅಂಗೈ ಇಟ್ಟರು.

"ಗಾಳಿ ಮುಂದಿಂದ ಹೋಗ್ತಿದೆ ಕಣೋ" ಎಂದರು, ನಮ್ಮ ನುಡಿಯಲ್ಲಿ. "ಇನ್ನೊಂದ್ಸಲ ಹೇಳು."

ಅವರಿಗೆ ದೇವರು ನೂರು ವರ್ಷ ಆಯುಸ್ಸು ಕೊಡಲಿ, ಒಲೆಯ ಸುತ್ತಿನ ಪಾಠ ನಡೆಯುತ್ತಲೇ ಇರಲಿ. ಈ ಹಾರೈಕೆಯಲ್ಲಿ ನನ್ನ ಸ್ವಾರ್ಥವೂ ಇದೆ: ಆ ಸದ್ದು ನನಗಿನ್ನೂ ಬಂದಿಲ್ಲ.