ನಾನು ಉಳಿಸಿಕೊಂಡ ಬಫರ್

ಚಿಕ್ಕೋಡಿಯ ಇಂಜಿನಿಯರಿಂಗ್ ಕಾಲೇಜಿನ ಕೊನೆಯ ವರ್ಷ ನನ್ನ ಜೊತೆ ಪ್ರಾಜೆಕ್ಟ್ ಮಾಡಿದವಳು ಕುಡಚಿಯಿಂದ ಬರುತ್ತಿದ್ದ ಗೆಳತಿ. ಹಾರೂಗೇರಿಯ ಪಾಲಿಟೆಕ್ನಿಕ್ ಒಂದರಲ್ಲಿ ಅವಳಿಗೆ ಕೆಲಸ ನಿಶ್ಚಯವಾಗಿತ್ತು. ಆ ಸಲವೇ ಪಾಸಾಗಬೇಕೆಂಬುದು ಷರತ್ತು. ನನಗೆ ಅಂಥ ಅವಸರವಿರಲಿಲ್ಲ. ಈ ವ್ಯತ್ಯಾಸ ಆಗ ನನ್ನ ಗಮನದಲ್ಲಿತ್ತೇ ಎಂದು ಈಗ ಹೇಳಲಾರೆ.

ಹೊಳೆಯಿಂದ ಹೊಲಕ್ಕೆ ನೀರೆತ್ತುವ ಪಂಪುಗಳನ್ನು ಒಂದೇ ಸೂಚನೆಗೆ ನಿಲ್ಲಿಸುವ ಸರ್ಕೀಟನ್ನು ಎಫ್‌ಪಿಜಿಎ ಎಂಬ, ಬೇಕಾದಂತೆ ಮತ್ತೆ ಮತ್ತೆ ರೂಪಿಸಬಹುದಾದ ಚಿಪ್ಪಿನಲ್ಲಿ ಮೂಡಿಸುವುದು ನಮ್ಮ ಕೆಲಸ. ಬೋರ್ಡಿನ ಮೇಲೆ ಪಂಪಿಗೊಂದರಂತೆ ದೀಪ. ಸೂಚನೆ ಕೊಟ್ಟರೂ ಕೊನೆಯ ದೀಪ ಒಮ್ಮೊಮ್ಮೆ ಆರುತ್ತಿರಲಿಲ್ಲ. ಒಂದೇ ಸೂಚನೆ ನೂರಾರು ಕಡೆ ಹಂಚಿಹೋಗಬೇಕಿತ್ತು. ಕೆಲವು ಕಡೆ ತಡವಾಗಿ, ಸರ್ಕೀಟಿನ ಹೆಜ್ಜೆಗೆ ಗಡುವು ಹಾಕುವ ಕ್ಲಾಕಿನ ಬಡಿತ ಮುಗಿದ ಮೇಲೆ ತಲುಪುತ್ತಿತ್ತು.

ನಮ್ಮ ರಾಯಬಾಗದ ಕಡೆ ಉದ್ದದ ಪೈಪ್‌ಲೈನಿನ ನಡುನಡುವೆ ಬೂಸ್ಟರ್ ಎಂಬ ಇನ್ನೊಂದು ಪಂಪು ಕೂಡಿಸಿ ನೀರನ್ನು ಮುಂದೆ ತಳ್ಳುತ್ತಾರೆ. ಅದನ್ನೇ ನೋಡಿ ಬೆಳೆದ ನಾನು ಸೂಚನೆಯ ದಾರಿಯಲ್ಲೂ ಸಾಲಾಗಿ ಬಫರ್‌ಗಳನ್ನು ಕೋಡಿನಲ್ಲಿ ಕೈಯಾರೆ ಬರೆದೆ. ಬಫರ್ ಎಂದರೆ ಬಂದ ಸೂಚನೆಯನ್ನು ಬಲಪಡಿಸಿ ಮುಂದಕ್ಕೆ ಕಳಿಸುವ ಸಣ್ಣ ಘಟಕ. ನಮ್ಮ ಬರಹವನ್ನು ಸರ್ಕೀಟಾಗಿಸುವ ಸಾಫ್ಟ್‌ವೇರು, ನಮ್ಮ ಬಾಯಲ್ಲಿ 'ಟೂಲ್', ಅವನ್ನು ಅನಗತ್ಯವೆಂದು ಅಳಿಸಿತು. 'ತೆಗೆಯಬೇಡ' ಎಂಬ ಗುರುತು ಹಾಕಿ ಮತ್ತೆ ಕೂಡಿಸಿದೆ. ಈಗ ಎರಡು ದೀಪ ಆರದೆ ಉಳಿದವು.

"ಬೋರ್ಡಿಗೂ ಬೂಸ್ಟರ್ ಕೂಡ್ಸೀಯೇನ್ ಲೇ? ಇದೇನ್ ನೀರಲ್ಲ. ಒಂದೊಂದ್ ಬಫರ್ ದಾಟಾಕೂ ಹೊತ್ತು ಹಿಡಿತೈತಿ" ಎಂದಳು ಗೆಳತಿ. "ಒಂದರ ಹಿಂದೊಂದು ಬ್ಯಾಡ, ಟೊಂಗಿ ಒಡೀಬೇಕು. ಅದನ್ನ ಟೂಲಿಗೆ ಬಿಡು."

"ಟೂಲ್ ಎಲ್ಲಿ ಹಾಕೈತಿ ಅಂತ ಸರ್ ಕೇಳಿದ್ರ?"

"ನಿನ್ನ ಹೆಸರು ಹೇಳ್ತೀನಿ."

ಒಂದು ತಂತಿ ಎಷ್ಟು ಕಡೆಗೆ ಸೂಚನೆ ಒಯ್ಯಬಹುದೆಂಬ ಮಿತಿಯನ್ನಷ್ಟೇ ಅವಳು ಕೊಟ್ಟಳು. ಎಲ್ಲಿ ಬಫರ್ ಬೇಕೋ ಅಲ್ಲಿ ಸಾಫ್ಟ್‌ವೇರೇ ಹಾಕಿ ಕವಲು ಮಾಡಿತು. ನನ್ನವನ್ನೆಲ್ಲ ಅಳಿಸಿದೆವು, ಮೊದಲನೆಯದೊಂದನ್ನು ಬಿಟ್ಟು. ಅದಾದರೂ ಇರಲಿ ಎಂದು ನಾನು ಹಟ ಹಿಡಿದೆ. ದೀಪಗಳು ಒಟ್ಟಿಗೆ ಆರಿದವು.

ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಕ್ಲಾಕಿನ ವೇಗ ಹೆಚ್ಚಿಸಿ, ಗಡುವು ಬಿಗಿ ಮಾಡಿ ನೋಡಿದರು. ಕೊನೆಯ ದೀಪ ಆರದೆ ಉಳಿಯಿತು. ಪರದೆಯ ಮೇಲೆ ಸರ್ಕೀಟಿನ ಚಿತ್ರ ತೆರೆಸಿ ಗೆಳತಿಯನ್ನೇ ಕೇಳಿದರು.

"ಈ ಬಫರ್ ಎಲ್ಲಾ ಯಾರ್ ಹಾಕಿದ್ರಿ?"

"ಟೂಲ್ ಹಾಕೈತ್ರಿ ಸರ್. ಒಂದ್ ಬಿಟ್ಟು."

"ಆ ಒಂದ್ ಯಾಕ?"

ಅವಳು ನನ್ನ ಕಡೆ ನೋಡಲಿಲ್ಲ, ನನ್ನ ಹೆಸರನ್ನೂ ಹೇಳಲಿಲ್ಲ. "ಅದು ಬೇಕಾಗಿಲ್ರಿ" ಎಂದು ಅಳಿಸಿದಳು. ಸಾಫ್ಟ್‌ವೇರು ಹೊಸದಾಗಿ ಸರ್ಕೀಟು ಕಟ್ಟುವ ತನಕ ಪರೀಕ್ಷಕರು ಚಹಾ ಕುಡಿದರು. ಆಮೇಲೆ ಅದೇ ವೇಗದಲ್ಲಿ ಎಲ್ಲ ದೀಪಗಳೂ ಆರಿದವು. ಅವಳು ಪಾಸಾದಳು, ಜೊತೆಗೆ ನಾನೂ.

ಆ ಬಫರನ್ನು ಅಳಿಸಿದ್ದು ನಾನೇ ಎಂದು ಬಹುಕಾಲ ನಂಬಿದ್ದೆ. ಮೊನ್ನೆ ಕುಡಚಿ ಸ್ಟೇಷನ್ನಿನಲ್ಲಿ ಗೆಳತಿ ಸಿಕ್ಕಾಗ ಹಾಗೆಯೇ ಹೇಳಿದೆ.

"ಹೌದ್ ಹೌದು, ಕೈ ಕಟ್ಕೊಂಡು ನಿಂತು ಅಳಿಸಿದಿ" ಎಂದು ನಕ್ಕಳು.

ಮೇಲೆ ಬರೆದಿರುವುದು ಅವಳ ನೆನಪಿನಂತೆ.