ಒಂದೂವರೆ ಲೀಟರ್ ಎಂದು ಬರೆಸಿದ್ದು

ನಮ್ಮ ಎಮ್ಮೆ ಹೊತ್ತಿಗೆ ನಾಲ್ಕರಂತೆ ದಿನಕ್ಕೆ ಎಂಟು ಲೀಟರ್ ಹಾಲು ಕೊಡುತ್ತಿತ್ತು. ಈಗ ಬರೆಯುತ್ತಿದ್ದೇನೆ, ಆಗ ಯಾರಿಗೂ ಹೇಳುತ್ತಿರಲಿಲ್ಲ. ಯಲಬುರ್ಗಾ ಕಡೆಯ ನಮ್ಮ ಊರಿನಲ್ಲಿ ಹಾಲಿನ ಅಳತೆಯನ್ನು ಬಾಯಿಬಿಟ್ಟು ಹೇಳುವ ರೂಢಿ ಇಲ್ಲ. ಹಿಂಡಿದ ತಂಬಿಗೆಯನ್ನು ಸೆರಗಿನಿಂದ ಮುಚ್ಚಿಕೊಂಡೇ ಒಳಗೆ ತರುತ್ತೇವೆ. ಯಾರಾದರೂ ಕೇಳಿದರೆ "ಚಾಕ್ಕ ಆಗತೈತ್ರಿ" ಎಂದು ಸುಮ್ಮನಾಗುತ್ತೇವೆ. ಹೇಳಿದರೆ ದೃಷ್ಟಿ ತಾಗಿ ಕೆಚ್ಚಲು ಬಾತುಕೊಳ್ಳುತ್ತದೆ, ಎಮ್ಮೆ ಒದೆಯಲು ಕಲಿಯುತ್ತದೆ ಎಂದು ನನ್ನ ಅತ್ತೆ ಹೇಳಿಕೊಟ್ಟಿದ್ದಳು. ನಿಜವೋ ಸುಳ್ಳೋ ಎಂದು ಪರೀಕ್ಷೆ ಮಾಡಲು ನಾನು ಹೋಗಿರಲಿಲ್ಲ. ಒದೆ ತಿನ್ನುವವರು ನಾವಲ್ಲವೇ.

ಮನೆಯಲ್ಲಿ ನಾನು ಮತ್ತು ಸೊಸೆ ಇಬ್ಬರೇ. ಮಗ ಗಂಗಾವತಿ ಕಡೆ ಭತ್ತ ಕೊಯ್ಯುವ ಮಷಿನ್ ಓಡಿಸಲು ಹೋದರೆ ಸುಗ್ಗಿ ಮುಗಿಯುವವರೆಗೆ ಬರುವುದಿಲ್ಲ. ಬೆಳಗಿನ ಹಾಲನ್ನು ಸೊಸೆ ಡಾಂಬರು ರಸ್ತೆಯ ಪಕ್ಕದ ಊರಿಗೆ ಹೊತ್ತು ಹಾಕಿ ಬರುತ್ತಿದ್ದಳು. ಅಲ್ಲಿ ಹಾಲಿನ ಡೇರಿ ಇದೆ, ನಮ್ಮ ಊರಿನಲ್ಲಿ ಇರಲಿಲ್ಲ. ಹೋಗಲು ಎರಡು ಕಿಲೋಮೀಟರಿಗೂ ಮೇಲೆ. ನಮ್ಮ ಹಾಲಷ್ಟೇ ಅಲ್ಲ, ಮಗ್ಗುಲ ಮನೆಯ ಬೀಬಿಯದು, ಎದುರು ಮನೆಯದು ಎಲ್ಲ ಸೇರಿ ತಲೆಯ ಮೇಲೆ ಒಂದು ಕ್ಯಾನು, ಕೈಯಲ್ಲಿ ಒಂದು ಕ್ಯಾನು. ಆಗ ಆಕೆಗೆ ನಾಲ್ಕು ತಿಂಗಳು. ಹಿಂದಿನ ವರ್ಷ ಒಂದು ಬಸಿರು ನಿಂತಿರಲಿಲ್ಲ. ಭಾರ ಎತ್ತಬಾರದು ಎಂದು ಕೊಪ್ಪಳದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹೇಳಿ ಕಳಿಸಿದ್ದಳು. ಹೇಳುವವರು ಹೇಳುತ್ತಾರೆ.

"ಹಾಲು ಹಾಕೂದು ಬಿಡು, ಕುಡದು ಉಳದದ್ದು ಹೆಪ್ಪು ಹಾಕೂಣು" ಎಂದೆ.

"ಹಿಂಡಿ ತರಾಕ ರೊಕ್ಕ ಎಲ್ಲಿಂದ ಬರತೈತ್ರೀ ಅತ್ತೀ? ಎಮ್ಮಿ ಬರೇ ಕಣಿಕಿ ತಿಂದು ಹಾಲು ಕೊಡತೈತೇನು?" ಎಂದಳು. ಹಿಂಡಿ ಇಲ್ಲದೆ ಬರೀ ಜೋಳದ ದಂಟು ತಿಂದ ಎಮ್ಮೆ ಎಷ್ಟು ಕೊಡುತ್ತದೆ ಎಂಬುದು ನನಗೂ ಗೊತ್ತು.

ಅಂಥ ಒಂದು ಬೆಳಿಗ್ಗೆ ಸೊಸೆ ಹಾಲು ಹಾಕಲು ಹೋಗಿದ್ದಾಗ ಯಲಬುರ್ಗಾದ ಆಫೀಸಿನಿಂದ ಒಬ್ಬ ಹುಡುಗಿ ಬಂದಳು. ಕೈಯಲ್ಲಿ ಸ್ಲೇಟಿನಷ್ಟು ದೊಡ್ಡ ಮೊಬೈಲು. ಊರಿನಲ್ಲಿ ಹದಿನಾರು ಮನೆ ಆರಿಸಿಕೊಂಡಿದ್ದಾರಂತೆ. ಹೊಲದಲ್ಲಿ ಏನು ಬೆಳೆಯುತ್ತದೆ, ದನ ಕುರಿ ಏನು ಕೊಡುತ್ತವೆ, ಅದರ ಕಿಮ್ಮತ್ತು ಎಷ್ಟು ಎಂದು ಬರೆದುಕೊಳ್ಳಬೇಕಂತೆ.

ಜೋಳ, ಕಡಲೆ ಇದ್ದದ್ದು ಇದ್ದಂತೆ ಹೇಳಿದೆ. ಮನೆಯೊಳಗೆ ಬಂದು ಬಿದ್ದ ಕಾಳಿಗೆ ಯಾವ ದೃಷ್ಟಿ. ಆಕೆ ಜೋಳ ಬರೆದುಕೊಂಡು ಮುಂದಕ್ಕೆ ಹೋಗಲು ನೋಡಿದಳು.

"ತಡಿ ಯವ್ವಾ, ಕಣಿಕಿ ಯಾರು ಬರ್ಕೋತಾರ?"

"ಅದೂ ಬರೀಬೇಕೇನ್ರಿ ಅಜ್ಜೀ?"

"ಜೋಳ ನಾವು ತಿಂತೀವಿ, ಕಣಿಕಿ ಎಮ್ಮಿ ತಿಂತೈತಿ. ಬಣವಿ ಒಟ್ಟಾಕ ಕೊಟ್ಟ ಕೂಲಿ ಎಷ್ಟು ಅಂತ ನನ್ನ ಕೇಳು. ಕುಳ್ಳೂ ಬರಕೋ. ತಿಪ್ಪಿ ಗೊಬ್ಬರಾನೂ ಬರಕೋ."

ಪಾಪ, ಎಲ್ಲ ಬರೆದುಕೊಂಡಳು. ಸಗಣಿ ತಟ್ಟಿದ ಒಂದು ಕುಳ್ಳೂ ಬಿಡದಂತೆ ಹೇಳಿದೆ. ಆಮೇಲೆ ಕೇಳಿದಳು:

"ಎಮ್ಮಿ ದಿನಕ್ಕ ಎಷ್ಟು ಹಾಲು ಕೊಡತೈತ್ರಿ?"

"ಚಾಕ್ಕ ಆಗತೈತಿ."

"ಎಷ್ಟು ಮಂದಿ ಚಾಕ್ಕರಿ?"

"ನೀನೂ ಕುಡದು ಹೋಗು, ಆಮ್ಯಾಲ ಎಣಿಸೂಣು."

ಹುಡುಗಿ ನಕ್ಕಳು. "ಲೀಟರ್ ಲೆಕ್ಕದಾಗ ಹೇಳ್ರಿ ಅಜ್ಜೀ. ಅಂಕಿ ಹಾಕದ ಇದು ಮುಂದ ಹೋಗೂದಿಲ್ಲ."

"ಹಂಗಾರ ಬರಕೋ. ಒಂದೂವರಿ."

ಗೋಡೆಯ ಆಚೆ ನಿಂತಿದ್ದ ಬೀಬಿ ಅದನ್ನು ಕೇಳಿಸಿಕೊಂಡಳು. ತನ್ನ ಸರದಿ ಬಂದಾಗ ಒಂದು ಎಂದಳು. ಎದುರು ಮನೆಯವಳು "ಕರ ಕುಡದು ಉಳದ್ರ ಉಳೀತ್ರಿ" ಎಂದಳಂತೆ. ಓಣಿಯ ಎಮ್ಮೆಗಳೆಲ್ಲ ಒಂದೇ ಬೆಳಿಗ್ಗೆ ಬತ್ತಿಹೋದವು. ಹದಿನಾರು ಮನೆಯದೂ ಕೂಡಿಸಿ ಹದಿನಾರರಿಂದ ಭಾಗಿಸಿದರೆ ಸರಾಸರಿ ಬರುತ್ತದೆ, ಊರಿಗೆಲ್ಲ ಅದೇ ಲೆಕ್ಕ ಎಂದು ಹುಡುಗಿ ಹೋಗುವಾಗ ತಿಳಿಸಿ ಹೇಳಿದಳು. ಹೂಂ ಎಂದೆ. ಯಾವುದಕ್ಕೆ ಎಂದು ಕೇಳಲಿಲ್ಲ. ಸರಕಾರದವರು ಬರೆದುಕೊಂಡು ಹೋಗುವುದು ನಮಗೇನು ಹೊಸದಲ್ಲ.

ಹದಿನೈದು ದಿನ ಕಳೆದವು. ಸೊಸೆ ಡೇರಿಯಿಂದ ಬಂದವಳು ಖಾಲಿ ಕ್ಯಾನು ಇಳಿಸಿ ಕಟ್ಟೆಯ ಮೇಲೆ ಕುಳಿತಳು. ಎರಡೂ ಕೈ ಸೊಂಟಕ್ಕೆ ಒತ್ತಿಕೊಂಡಿದ್ದಳು.

"ಅತ್ತೀ, ಆ ಹುಡುಗಿ ಬರಿಯಾಕ ಬಂದಾಗ ಎಮ್ಮೀದು ಎಷ್ಟು ಹೇಳಿದ್ರಿ?"

"ಒಂದೂವರಿ. ಯಾಕ?"

"ನಮ್ಮೂರಾಗ ಡೇರಿ ತೆಗೀಬೇಕು ಅಂತ ಮಾಡಿದ್ರಂತರಿ. ಹಾಲಿನ ಸರಾಸರಿ ಭಾಳ ಕಡಿಮಿ ಬಂತಂತ, ಬಿಟ್ಟಾರಂತ."

ನಾನು ಖಾಲಿ ಕ್ಯಾನನ್ನು ಅತ್ತ ಸರಿಸಿದೆ. ಆಕೆಯೇ ಅಂದಳು: "ಇರಲಿ ಬಿಡ್ರಿ. ನಾನಿದ್ದರೂ ಹಂಗ ಹೇಳ್ತಿದ್ದೆ."

ಬೈದಿದ್ದರೆ ನಾನೂ ಎರಡು ಬೈದು ಹಗುರಾಗುತ್ತಿದ್ದೆ. ಬೈಯಲಿಲ್ಲ. ಎದ್ದು ಕ್ಯಾನು ತೊಳೆಯಲು ಹೋದಳು. ಬಗ್ಗಿದಾಗ ಒಂದು ಕೈ ಹೊಟ್ಟೆಯ ಕೆಳಗೇ ಇತ್ತು.

ಮರುದಿನ ಆಕೆ ಹಿಂಡಿಟ್ಟು ಒಳಗೆ ಹೋದದ್ದೇ ಕ್ಯಾನು ನಾನು ಹೊತ್ತೆ. ಹಳ್ಳದ ಇಳಿಜಾರಿನಲ್ಲಿ ಮೊಣಕಾಲು ಕೈಕೊಟ್ಟಿತು. ಕುಳಿತುಬಿಟ್ಟೆ. ನಮ್ಮ ಹಾಲು ಉಳಿಯಿತು, ಬೀಬಿಯದು ಅರ್ಧ ಚೆಲ್ಲಿತು. ಯಾರದೋ ಬೈಕಿನ ಹಿಂದೆ ಕುಳಿತು ಡೇರಿ ಮುಟ್ಟಿದೆ, ಅಲ್ಲಿಂದ ಊರಿಗೆ ಬರಲಿಲ್ಲ. ನೆಟ್ಟಗೆ ಯಲಬುರ್ಗಾ ಬಸ್ಸು ಹತ್ತಿದೆ. ಹೆಂಗಸರಿಗೆ ಬಸ್ಸು ಪುಕ್ಕಟೆ, ತಪ್ಪು ಒಪ್ಪಿಕೊಳ್ಳಲು ಹೋಗುವುದಕ್ಕೂ ಖರ್ಚಿಲ್ಲ.

ಆಫೀಸಿನಲ್ಲಿ ಆ ಹುಡುಗಿ ಡಬ್ಬಿ ಬಿಚ್ಚಿ ಉಪ್ಪಿಟ್ಟು ತಿನ್ನುತ್ತಿದ್ದಳು. ಗುರುತು ಹಿಡಿದಳು.

"ಯವ್ವಾ, ನಾ ಸುಳ್ಳು ಬರಸೀನಿ."

"ಯಾವುದ್ರಾಗ್ರಿ ಅಜ್ಜೀ?"

"ಹಾಲಿನ್ಯಾಗ. ಕುಳ್ಳು ಖರೇ ಅದಾವ."

ನಗಲಿಲ್ಲ. ಕೈ ತೊಳೆದುಕೊಂಡು ಬಂದು, ನನ್ನನ್ನು ಕುರ್ಚಿಯ ಮೇಲೆ ಕೂಡಿಸಿ, ಯಾಕೆ ಎಂದು ಕೇಳಿದಳು. ಸೊಸೆಯದು ಹೇಳಿದೆ. ದೃಷ್ಟಿಯದೂ ಹೇಳಿದೆ. ಒಳಗೆ ಹೋಗಿ ಸಾಹೇಬರನ್ನು ಕೇಳಿ ಬಂದಳು. ಬಾಯಲ್ಲಿ ಹೇಳಿದರೆ ಅಂಕಿ ತಿದ್ದಲು ಬರುವುದಿಲ್ಲವಂತೆ. ಹದಿನಾರೂ ಮನೆಯವರು ಅವರ ಕಣ್ಣೆದುರು ಹಿಂಡಿ ತೂಗಿಸಿದರೆ ಹೊಸದಾಗಿ ಬರೆದು ಕಳಿಸುತ್ತಾರಂತೆ.

"ಒಪ್ಪತಾರೇನ್ರಿ ಎಲ್ಲಾರೂ?"

"ಒಪ್ಪೂದಿಲ್ಲ. ನೀ ಬಾ, ನೋಡೂಣು."

ಊರಿಗೆ ಬಂದು ಮೊದಲು ಬೀಬಿಯ ಮನೆಗೆ ಹೋದೆ. ಚೆಲ್ಲಿದ ಹಾಲಿನ ಸಿಟ್ಟು ಆಕೆಗೆ ಇನ್ನೂ ಇಳಿದಿರಲಿಲ್ಲ. ಎಲ್ಲರೆದುರು ಹಿಂಡಿ ತೂಗಿಸುವ ಮಾತು ತೆಗೆದೆ.

"ಅಕ್ಕಾ, ನಲವತ್ತು ವರ್ಷ ಆತು ಮಗ್ಗಲ ಮನ್ಯಾಗ ಅದೀನಿ. ನಿನ್ನ ಎಮ್ಮಿ ಎಷ್ಟು ಕೊಡತೈತಿ ಅಂತ ನನಗ ಹೇಳೀ ಏನು?"

"ನೀ ನನಗ ಹೇಳೀ ಏನು?"

"ನಾ ಯಾಕ ಹೇಳ್ಲಿ? ನಿಂದು ಮದಲ ಬೆಂಕಿ ಕಣ್ಣು."

"ನಮ್ಮ ಸೊಸಿ ನಿಂದೂ ಹಾಲು ಹೊರತಾಳ ಬೀಬಿ. ಹ್ವಾದ ವರ್ಷ ಒಂದು ಹೋತು. ನೆಪ್ಪೈತಿಲ್ಲೋ?"

ಬೀಬಿ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದಳು. ಹಿಂದಿನ ವರ್ಷ ಸೊಸೆಯನ್ನು ಗಾಡಿಗೆ ಹತ್ತಿಸಿ ಕೊಪ್ಪಳದವರೆಗೂ ತೊಡೆಯ ಮೇಲೆ ಮಲಗಿಸಿಕೊಂಡು ಹೋದವಳು ಆಕೆಯೇ. ಎಲೆಯಡಿಕೆ ಉಗುಳಿ ಬಂದು ಅಂದಳು: "ಮದಲ ನಿಂದು ಹಿಂಡು. ನಿನ್ನ ಎಮ್ಮಿ ಜೀವಂತ ಉಳದ್ರ ನಾಳಿ ನಂದು."

ಮರುದಿನ ಬೆಳಿಗ್ಗೆ ಹುಡುಗಿ ತೂಗುವ ಕೊಕ್ಕೆ ತಕ್ಕಡಿ ತಂದಳು. ಓಣಿಯವರೆಲ್ಲ ನೋಡಲು ನಿಂತರು. ಈಚೆಗೆ ದಿನವೂ ಹಿಂಡುತ್ತಿದ್ದ ಸೊಸೆಗೆ ಕುಕ್ಕರುಗಾಲಿನಲ್ಲಿ ಕೂರಬೇಡ, ಒಳಗಿರು ಎಂದು ಹೇಳಿ ನಾನೇ ಹಿಂಡಲು ಕುಳಿತೆ. ಎಮ್ಮೆ ಹಾಲು ಇಳಿಸಲಿಲ್ಲ. ಕರು ಬಿಟ್ಟು ನೋಡಿದೆ, ಹಿಂಡಿ ಇಟ್ಟು ನೋಡಿದೆ. ತಂಬಿಗೆಯ ತಳ ಮುಚ್ಚಲಿಲ್ಲ. ಎಮ್ಮೆ ಕುತ್ತಿಗೆ ಹೊರಳಿಸಿ ಮನೆಯ ಬಾಗಿಲನ್ನೇ ನೋಡುತ್ತಿತ್ತು. ಹಿಂದಿನಿಂದ ಯಾರೋ "ಖರೇನ ಒಂದೂವರಿ ಐತಿ ಬಿಡ್ರಿ" ಎಂದರು.

ಸೊಸೆ ಹೊರಗೆ ಬಂದಳು. ನಾನು ಬೈಯುವುದರೊಳಗೆ ಮಣೆ ಹಾಕಿಕೊಂಡು ಕುಳಿತು ಎಮ್ಮೆಯ ಪಕ್ಕೆಗೆ ಹಣೆ ಕೊಟ್ಟು "ಬಾರವ್ವಾ, ಬಾ" ಎಂದಳು. ಅಷ್ಟೇ. ಹಾಲು ತಂಬಿಗೆಯಲ್ಲಿ ಸದ್ದು ಮಾಡತೊಡಗಿತು. ನಲವತ್ತು ವರ್ಷ ಎಮ್ಮೆ ಸಾಕಿದವಳು ನಾನು. ಆ ಎಮ್ಮೆ ಯಾವಾಗ ಆಕೆಯದಾಯಿತೋ ನನಗೆ ತಿಳಿದೇ ಇರಲಿಲ್ಲ.

ಹುಡುಗಿ ತೂಗಿ ಮೆಲ್ಲಗೆ ಬರೆದುಕೊಂಡಳು. ಗುಟ್ಟಾಗಿ ಬರೆದರೆ ಉಳಿದವರು ಹೇಗೆ ಹಿಂಡಿಸುತ್ತಾರೆ? ನಾನು ಎದ್ದು ನಿಂತು ಹೇಳಿದೆ: "ನಾಕು ಲೀಟರ್. ಸಂಜಿಗೆ ಮತ್ತ ನಾಕು. ಎಲ್ಲಾರೂ ಕೇಳಿದ್ರಿಲ್ಲ?" ಬೀಬಿ ಮುಂದೆ ಬಂದು ಎಮ್ಮೆಯ ಮೇಲೆ ಮೂರು ಸಲ ಥೂ ಥೂ ಎಂದು ಉಗುಳಿ, "ಎಂಥಾ ಬಡಕಲ ಎಮ್ಮಿ, ಮಾರಿ ನೋಡಬಾರದು" ಎಂದು ಓಣಿಗೆಲ್ಲ ಕೇಳುವಂತೆ ಬೈದಳು. ಆಕೆ ನಮ್ಮ ಎಮ್ಮೆಗೆ ಇಷ್ಟು ಒಳ್ಳೆಯದು ಎಂದೂ ಮಾಡಿರಲಿಲ್ಲ.

ಮರುದಿನ ಬೀಬಿಯ ಎಮ್ಮೆ ಒಂದೇ ಹೊತ್ತಿಗೆ ಐದು ಎಂದು ತೂಗಿತು. ಐದು! ನಲವತ್ತು ವರ್ಷ ನನ್ನ ಹತ್ತಿರ ಮಜ್ಜಿಗೆ ಕಡ ಒಯ್ದಿದ್ದಾಳೆ. ಆಮೇಲೆ ಒಂದೊಂದೇ ಮನೆ ಒಪ್ಪಿದವು. ಇಬ್ಬರು ಕಡೆಯವರೆಗೂ ಒಪ್ಪಲಿಲ್ಲ, ಹುಡುಗಿ ಅವರ ಬದಲಿಗೆ ಬೇರೆ ಎರಡು ಮನೆ ಹಿಡಿದಳು. ನಾಲ್ಕು ದಿನಕ್ಕೆ ನಮ್ಮ ಎಮ್ಮೆ ಒಮ್ಮೆ ಒದ್ದಿತು, ನನ್ನ ಮೊಣಕೈ ಊದಿತು. ನೊಣಕ್ಕೆ ಒದ್ದಿತೋ ದೃಷ್ಟಿಗೆ ಒದ್ದಿತೋ ಹೇಳಲಾರೆ.

ಡೇರಿ ಕೂಡಲೇ ಬರಲಿಲ್ಲ. ಕಾಗದ ಹೋಗಬೇಕು, ಬರಬೇಕು. ಅಲ್ಲಿಯವರೆಗೆ ನಾನೂ ಬೀಬಿಯೂ ಒಂದು ಬಿದಿರು ಕೋಲಿಗೆ ಕ್ಯಾನು ತೂಗುಹಾಕಿ, ಆ ತುದಿ ಆಕೆ, ಈ ತುದಿ ನಾನು ಹೊತ್ತೆವು. ಹಳ್ಳದ ಹತ್ತಿರ ಇಳಿಸುವುದು, ದಣಿವಾರಿಸಿಕೊಳ್ಳುವುದು, ಜಗಳ ಆಡುವುದು, ಮತ್ತೆ ಹೊರುವುದು. ಕೋಲು ನನ್ನ ಕಡೆಗೇ ವಾಲುತ್ತದೆ ಎಂದು ನಾನು, ತನ್ನ ಕಡೆಗೇ ಎಂದು ಆಕೆ. ಸೊಸೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮೊದಲ ದಿನ ಅತ್ತಳು. ಮರುದಿನದಿಂದ ನಕ್ಕಳು. ಏಳು ತಿಂಗಳಿಗೆ ಸೀಮಂತದ ಕುಬಸ ಮಾಡಿ ಕುಷ್ಟಗಿಯ ತವರಿಗೆ ಕಳಿಸಿದೆವು. ಅಷ್ಟರಲ್ಲಿ ಎಮ್ಮೆ ನನ್ನ ಕೈಗೂ ಹಾಲು ಇಳಿಸಲು ಕಲಿತಿತ್ತು.

ಆಕೆ ಹೆರುವುದಕ್ಕೆ ಎಂಟು ದಿನ ಇದ್ದಾಗ ಶಾಲೆಯ ಮಗ್ಗುಲ ಕೋಣೆಯಲ್ಲಿ ಡೇರಿ ತೆರೆದರು. ಹಾಲು ಯಾರ ಹೆಸರಿಗೆ ಎಂದು ಕೇಳಿದರು, ಸೊಸೆಯ ಹೆಸರು ಬರೆಸಿದೆ. ಹೆಣ್ಣು ಕೂಸು ಹುಟ್ಟಿತು. ಮೂರು ಕಿಲೋದ ಹತ್ತಿರ ತೂಗಿತಂತೆ. ಸೊಸೆ ಫೋನು ಮಾಡಿ ಮೊದಲು ಎಮ್ಮೆಯನ್ನು ಕೇಳಿದಳು, ಆಮೇಲೆ ಡೇರಿ ಎಷ್ಟು ದೂರ ಎಂದು ಕೇಳಿದಳು.

"ಒಲಿ ಮ್ಯಾಲ ಚಾ ಇಟ್ಟು ಹೋದ್ರ ಉಕ್ಕೂದ್ರಾಗ ಬರ್ತೀನಿ."

ಆ ಕಡೆ ಕೂಸು ಚೀರುತ್ತಿತ್ತು. ಅದನ್ನು ಸಮಾಧಾನ ಮಾಡುತ್ತಲೇ ಸೊಸೆ ಅಂದಳು: "ಹಂಗಾರ ನಾ ಬಂದಮ್ಯಾಲ ಕೂಸಿನ್ನ ಸ್ವಾಂಟದ ಮ್ಯಾಲ ಕುಂದರಿಸಿಕೊಂಡು ಹೋಗಿ ಹಾಕಿ ಬರ್ತೀನ್ರೀ ಅತ್ತೀ."

"ಯಾಕ, ನಾ ಸತ್ತೀನೇನು? ಕೂಸು ನನ್ನ ಕಡೆ ಬಿಟ್ಟು ಹೋಗು" ಎಂದೆ.