ಅಣ್ಣ ನೋಡಿದ ಕತ್ತಿ

ಅತ್ತಿಗೆ ನಮ್ಮಣ್ಣನಿಗಿಂತ ಎರಡು ಬೆರಳು ಎತ್ತರವಿದ್ದರು. ಅದು ಯಾರ ಕಣ್ಣಿಗೂ ಬೀಳಬಾರದೆಂದು ಅವನ ಪಕ್ಕ ನಿಲ್ಲುವಾಗ ಕತ್ತು ತುಸು ಬಗ್ಗಿಸುತ್ತಿದ್ದರು. ಅವನು ಹೋದ ಮೇಲೂ ಆ ಬಾಗು ಹಾಗೆಯೇ ಉಳಿಯಿತು.

ಹರಿಹರದವರು. ತೊಂಬತ್ತಾರರಲ್ಲಿ ಮದುವೆಯಾಗಿ ನಿಟ್ಟುವಳ್ಳಿಯ ನಮ್ಮ ಮನೆಗೆ ಬಂದರು. ತವರಿಗೆ ಹೋದಾಗಲೆಲ್ಲ ಒಂದು ಕ್ಯಾನು ಹೊಳೆ ನೀರು ಹೊತ್ತು ತರುವರು. ಬೋರಿನ ನೀರಲ್ಲಿ ಬೇಳೆ ಬೇಯುವುದಿಲ್ಲವೆಂಬುದು ಅವರ ವಾದ. ಹಾಲು ಉಕ್ಕಲಿ, ಅವ್ವ ಗದರಲಿ, “ಇರ್ಲಿ ಬಿಡ್ರಿ” ಎಂದು ನಕ್ಕುಬಿಡುವರು.

ಮದುವೆಯಾದ ಹೊಸದರಲ್ಲಿ ಇಬ್ಬರೂ ಮೈಸೂರಿಗೆ ಹೋಗಿದ್ದರು. ಕತ್ತಿ ಚೂರಿ ಕಂಡರೆ ಅತ್ತಿಗೆಗೆ ಹೆದರಿಕೆ. ಅರಮನೆಯ ಆಯುಧಶಾಲೆಗೆ ಅಣ್ಣ ಒಬ್ಬನೇ ಹೋದ, ಅವರು ಹೊರಗೆ ಕೂತರು. ಬಸ್ಸಿನಲ್ಲಿ ಬರುವಾಗ ಅಣ್ಣ ಯಾವುದೋ ಒಂದು ಕತ್ತಿಯ ಬಗ್ಗೆ ಹೇಳುತ್ತಲೇ ಇದ್ದನಂತೆ. ಅತ್ತಿಗೆಗೆ ನಿದ್ದೆ ಹತ್ತಿತ್ತು.

ವರ್ಷ ತುಂಬುವ ಮೊದಲೇ, ತವರಿನಲ್ಲಿದ್ದ ಅತ್ತಿಗೆಯನ್ನು ಕರೆತರಲು ಸ್ಕೂಟರಿನಲ್ಲಿ ಹೊರಟ ಅಣ್ಣ ಹರಿಹರದ ದಾರಿಯಲ್ಲಿ ಲಾರಿಗೆ ಸಿಕ್ಕಿ ತೀರಿಕೊಂಡ. ಅತ್ತಿಗೆ ಬ್ಯಾಗು ತುಂಬಿಕೊಂಡು, ತಲೆ ಬಾಚಿಕೊಂಡು ಕಟ್ಟೆಯ ಮೇಲೆ ಕಾಯುತ್ತಿದ್ದರು. ನಮ್ಮ ಹೊಲದಲ್ಲಿ ಮಣ್ಣು ಮಾಡುವಾಗಲೂ ಅವರು ಅಳಲಿಲ್ಲ. ತವರಿನವರು ಕರೆದರೂ ಹೋಗದೆ ನಮ್ಮಲ್ಲೇ ಉಳಿದರು.

ಮರುವರ್ಷ ಒಂದು ದಿನ, ನನ್ನನ್ನು ಜೊತೆಗೆ ಕರೆದುಕೊಂಡು ಮೈಸೂರಿಗೆ ಹೋಗಿಬರುತ್ತೇನೆಂದರು. ಗಂಡ ಸತ್ತವಳು ಊರು ಸುತ್ತಿದರೆ ಜನ ಏನಂದಾರು ಎಂದು ಅವ್ವ ಸಿಡುಕಿದಳು. ಎಂದೂ ಎದುರಾಡದ ಅತ್ತಿಗೆ ಮೆಲ್ಲಗೆ ಹೇಳಿದರು: “ಸುತ್ತಾಕಲ್ಲ ಅತ್ತಿ. ಅವ್ರು ನೋಡಿದ್ದನ್ನ ನೋಡಿ ಬರ್ತೀನಿ.” ಅವ್ವ ಬೆಳಿಗ್ಗೆ ರೊಟ್ಟಿ, ಚಟ್ನಿಪುಡಿ ಕಟ್ಟಿಕೊಟ್ಟಳು.

ಆಯುಧಶಾಲೆಯ ಬಾಗಿಲಲ್ಲಿ ನನ್ನ ಮುಂಗೈ ಹಿಡಿದವರು ಬಿಡಲೇ ಇಲ್ಲ. ಗೋಡೆಯ ತುಂಬ, ಗಾಜಿನ ಪೆಟ್ಟಿಗೆಗಳ ತುಂಬ ಕತ್ತಿಗಳು. ಒಂದೊಂದರ ಮುಂದೂ ನಿಂತು, ಇದೇ ಇರಬಹುದಾ ಎಂದು ಕೇಳುವರು. ನನಗೇನು ಗೊತ್ತು? ಅಣ್ಣ ನನಗೆ ಹೇಳಿರಲಿಲ್ಲ. ಕೊನೆಗೆ ಗೊತ್ತಿಲ್ಲ ಅತ್ತಿಗೆ ಎಂದೆ.

“ಇರ್ಲಿ ಬಿಡು ತಂಗಿ. ಎಲ್ಲಾನೂ ನೋಡಾಣ. ಅದ್ರಾಗ ಅದೂ ಐತಲ್ಲ.”

ಒಂದನ್ನೂ ಬಿಡದೆ ನೋಡಿದರು. ಹೊರಗೆ ಬಂದು ಕಂಬಕ್ಕೆ ಒರಗಿದವರೇ ಬಾಯಿಗೆ ಸೆರಗು ತುರುಕಿಕೊಂಡು ಅತ್ತರು. ಅಣ್ಣ ಸತ್ತ ಮೇಲೆ ಅದೇ ಮೊದಲು. ನಾನೂ ಅತ್ತೆ.

ಮುಂದೆ ನನಗೆ ಸಂಬಂಧ ಬಂದು ಕಾಲೇಜು ಬಿಡಿಸುವ ಮಾತಾದಾಗ, ಅವ್ವನ ಮುಂದೆ ಕೂತು ನನ್ನ ಪರವಾಗಿ ವಾದಿಸಿದವರು ಅವರೊಬ್ಬರೇ. ಇಂದು ನಾನು ದುಡಿದು ಉಣ್ಣುವ ಅನ್ನ ಅವರು ಕೊಡಿಸಿದ್ದು. ನಾನು ಪರೀಕ್ಷೆ ಮುಗಿಸುವಷ್ಟರಲ್ಲಿ ಅವರಿಗೆ ಕಾಮಾಲೆ ಹಿಡಿದಿತ್ತು. ಪಿ.ಜೆ. ಬಡಾವಣೆಯ ಆಸ್ಪತ್ರೆಯಿಂದ ಜೀವಂತ ತಿರುಗಿ ಬರಲಿಲ್ಲ.

ಹರಿಹರದವರು ದೇಹ ಒಯ್ಯಲು ಬಂದರು. ಅವ್ವ ಮನೆ ಬಾಗಿಲಿಗೆ ಅಡ್ಡ ಕೂತುಬಿಟ್ಟಳು. “ನನ್ನ ಮಗಳು. ಎಲ್ಲಿಗೂ ಕಳ್ಸಾದಿಲ್ಲ” ಎಂದಳು. ಹೊಲದಲ್ಲಿ ಅಣ್ಣನ ಪಕ್ಕದಲ್ಲೇ ಮಣ್ಣು ಮಾಡಿದೆವು.